ಅರ್ಜಿ ಹಾಕುವ ಮೊದಲು ಒಂದು ದಿನ ಮಾನಸಗಂಗೋತ್ರಿಗೆ ಹೋಗಿ ಬನ್ನಿ

ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಓದಿ ಹೋದ ಮಕ್ಕಳು ಪದವಿಯ ಕೊನೆಯ ವರ್ಷಕ್ಕೆ ಬಂದಾಗ ಮನೆಗೆ ಬಂದು, ‘ಮಿಸ್, ಎಂ.ಎಸ್ಸಿ.ಗೆ ಮೈಸೂರಿನಲ್ಲಿ ಅರ್ಜಿ ಹಾಕಲಾ?’ ಎಂದು ಕೇಳುತ್ತಾರೆ. ಹಾಕು, ಆದರೆ ಅದಕ್ಕೂ ಮೊದಲು ಒಂದು ದಿನ ಹೋಗಿ ನೋಡಿಕೊಂಡು ಬಾ ಎನ್ನುತ್ತೇನೆ. 2003ರಲ್ಲಿ ನಾನು ನೋಡದೆ ಹೋದವಳು. ಕಾಗದಪತ್ರ ಕೊಡುವ ಕೊನೆಯ ದಿನ ಅಪ್ಪನ ಜೊತೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯ ರಸ್ತೆಗಳಲ್ಲಿ ಒಂದು ಗಂಟೆ ಸುತ್ತಿದ ಮೇಲೆ, ನಮಗೆ ಬೇಕಾದ ಕಚೇರಿ ಇರುವುದು ಅಲ್ಲಲ್ಲ, ಕ್ರಾಫರ್ಡ್ ಭವನದಲ್ಲಿ ಎಂದು ಗೊತ್ತಾಯಿತು. ಆಟೋಗೆ ಕೊಟ್ಟದ್ದು ಅಪ್ಪನ ಜೇಬಿನಲ್ಲಿದ್ದ ಊಟದ ದುಡ್ಡು.

ಆದ್ದರಿಂದ ಮೊದಲು ಜಾಗಗಳು ತಲೆಯಲ್ಲಿ ಸ್ಪಷ್ಟವಾಗಿರಲಿ. ಮೈಸೂರು ವಿಶ್ವವಿದ್ಯಾನಿಲಯ ಒಂದೇ ಕಾಂಪೌಂಡಿನೊಳಗೆ ಇಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದಾಗ ಮಹಾರಾಜ ಕಾಲೇಜೇ ಅದರ ಮನೆ. ಸ್ನಾತಕೋತ್ತರ ವಿಭಾಗಗಳಿಗಾಗಿ ಮಾನಸಗಂಗೋತ್ರಿ ಎದ್ದದ್ದು 1960ರ ಹೊತ್ತಿಗೆ. ಆಗ ಕುಲಪತಿಗಳಾಗಿದ್ದ ಕುವೆಂಪು ಅವರೇ ಆ ಹೆಸರಿಟ್ಟರು. ಕ್ರಾಫರ್ಡ್ ಭವನ ಆಡಳಿತದ ಜಾಗ, ಹಳೆಯ ಜಿಲ್ಲಾಧಿಕಾರಿ ಕಚೇರಿಯ ಹತ್ತಿರ ಇದೆ. ಪಿಯುಸಿ ಮುಗಿಸಿ ಪದವಿಗೆ ಸೇರುವವರು ನೋಡಬೇಕಾದದ್ದು ಮಹಾರಾಜ ಕಾಲೇಜನ್ನು, ವಿಜ್ಞಾನವಾದರೆ ಯುವರಾಜ ಕಾಲೇಜನ್ನು. ಇನ್ನೊಂದು ಎಚ್ಚರಿಕೆ: ಹುಣಸೂರು ರಸ್ತೆಯಲ್ಲೇ ಮುಕ್ತಗಂಗೋತ್ರಿ ಎಂಬ ಹೆಸರೂ ಕಾಣುತ್ತದೆ. ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಬೇರೆಯೇ ಸಂಸ್ಥೆ. ‘ಗಂಗೋತ್ರಿ’ ಎಂದಷ್ಟೇ ಹೇಳಿದರೆ ಕಂಡಕ್ಟರ್ ಎಲ್ಲಿ ಬೇಕಾದರೂ ಇಳಿಸಿಯಾರು. ಪೂರ್ತಿ ಹೆಸರು ಹೇಳಿ.

ಹೋಗುವ ದಿನ ತರಗತಿ ನಡೆಯುವ ದಿನವಾಗಿರಬೇಕು. ದಸರಾ ರಜೆಯಲ್ಲಿ ಹೋದರೆ ಮರಗಳನ್ನು ನೋಡಿಕೊಂಡು ಬರಬಹುದು ಅಷ್ಟೇ. ಪ್ರವೇಶಾತಿಯ ಗಡಿಬಿಡಿಯಲ್ಲಿ ಯಾರಿಗೂ ನಿಮ್ಮ ಜೊತೆ ಮಾತನಾಡಲು ಪುರುಸೊತ್ತಿರುವುದಿಲ್ಲ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ ಎಂಬುದು ನೆನಪಿರಲಿ. ಬೆಳಗ್ಗೆ ಹತ್ತೂವರೆಗೆ ಅಲ್ಲಿದ್ದರೆ ಊಟದ ಹೊತ್ತಿನೊಳಗೆ ಮುಖ್ಯವಾದದ್ದೆಲ್ಲ ಮುಗಿಯುತ್ತದೆ. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ಸಿಗುತ್ತದೆ. ಆವರಣ ಏಳುನೂರು ಎಕರೆಗೂ ಮಿಕ್ಕಿದ್ದು, ಒಂದು ವಿಭಾಗದಿಂದ ಇನ್ನೊಂದಕ್ಕೆ ಒಳ್ಳೆಯ ನಡಿಗೆಯೇ ಇದೆ. ನೀರಿನ ಬಾಟಲಿ, ಸವೆಯದ ಚಪ್ಪಲಿ, ಒಂದು ಚಿಕ್ಕ ನೋಟ್‌ಬುಕ್ ಬೇಕು. ಸಾಧ್ಯವಾದರೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ. ಮಗಳು ಎಲ್ಲಿ ಕೂತು ಓದುತ್ತಾಳೆ ಎಂದು ಕಣ್ಣಾರೆ ಕಂಡ ತಾಯಿ ಆಮೇಲೆ ಮನೆಯಲ್ಲಿ ಅವಳ ಪರವಾಗಿ ನಿಲ್ಲುತ್ತಾಳೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹೋದವರು ನೇರವಾಗಿ ನಿಮ್ಮ ವಿಭಾಗಕ್ಕೆ ಹೋಗಿ. ಒಳಗೆ ಕಾಲಿಡಲು ಹೆದರಬೇಡಿ. ಎರಡು ವರ್ಷದ ಹಿಂದೆ ನಮ್ಮ ಊರಿನ ಒಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಪ್ರಯೋಗಾಲಯದ ಬಾಗಿಲಿಗೆ ಬಂದವಳೇ ಚಪ್ಪಲಿ ಬಿಟ್ಟಳು. ಎರಡನ್ನೂ ಜೋಡಿಸಿ ಗೋಡೆಗೆ ಒತ್ತಿ ಇಟ್ಟಳು, ಊರಿನ ಶಾಲೆಯಲ್ಲಿ ಮಾಡುತ್ತಿದ್ದ ಹಾಗೆಯೇ. ಒಳಗಿದ್ದ ಅಟೆಂಡರ್ ಓಡಿ ಬಂದು, ‘ಬರಿಗಾಲಲ್ಲಿ ಬರಬೇಡ ತಾಯಿ, ನೆಲದ ಮೇಲೆ ಗಾಜಿನ ಚೂರಿರುತ್ತದೆ, ಆಸಿಡ್ ಚೆಲ್ಲಿರುತ್ತದೆ. ಇಲ್ಲಿ ಬೂಟು ಹಾಕಿಕೊಂಡೇ ಕೆಲಸ ಮಾಡಬೇಕು’ ಎಂದರು. ಆಮೇಲೆ ತಾವೇ ಮುಂದೆ ನಿಂತು ಬ್ಯೂರೆಟ್‌ಗಳ ಸಾಲು, ಹೊಗೆ ಹೀರುವ ಗೂಡು, ತಕ್ಕಡಿಯ ಕೋಣೆ ಎಲ್ಲವನ್ನೂ ತೋರಿಸಿದರು. ಮೊದಲ ಸೆಮಿಸ್ಟರಿನಲ್ಲಿ ಅರ್ಧ ಜನ ಪಿಪೆಟ್ ಒಡೆಯುತ್ತಾರೆ ಎಂದೂ ಹೇಳಿದರು. ಕೈ ನಡುಗುವುದು ತನಗೊಬ್ಬಳಿಗೇ ಅಲ್ಲ ಎಂದು ಅವಳಿಗೆ ತಿಳಿದದ್ದು ಆಗ. ಅಧ್ಯಾಪಕರು ಸಿಗಲಿ ಬಿಡಲಿ, ಅಟೆಂಡರ್, ಗ್ರಂಥಾಲಯದ ಸಿಬ್ಬಂದಿ, ಕಚೇರಿಯ ಗುಮಾಸ್ತರು ಇವರನ್ನು ಗೌರವದಿಂದ ಮಾತನಾಡಿಸಿ. ವಿಭಾಗ ಹೇಗೆ ನಡೆಯುತ್ತದೆ ಎಂಬುದು ಅವರಿಗೆ ಗೊತ್ತು.

ಸೂಚನಾ ಫಲಕವನ್ನು ನಿಧಾನವಾಗಿ ಓದಿ. ವೇಳಾಪಟ್ಟಿ, ಹಾಜರಾತಿ ಕೊರತೆಯವರ ಪಟ್ಟಿ, ಕಿರುಪರೀಕ್ಷೆಯ ದಿನಾಂಕ, ಉಪನ್ಯಾಸಗಳ ಸೂಚನೆ. ಈ ತಿಂಗಳ ಕಾಗದಗಳು ಇವೆಯೋ, ಹಳದಿಯಾದ ಹಳೆಯವೇ ನೇತಾಡುತ್ತಿವೆಯೋ ನೋಡಿ. ಕಟ್ಟಡದ ಬಣ್ಣಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಇನ್ನು ವಿದ್ಯಾರ್ಥಿಗಳು. ಕ್ಯಾಂಟೀನಿನಲ್ಲಿ ಚಹಾ ಹಿಡಿದು ಮೊದಲ ಸೆಮಿಸ್ಟರ್ ಓದುತ್ತಿರುವವರನ್ನು ಹುಡುಕಿ. ಕೊನೆಯ ಸೆಮಿಸ್ಟರಿನವರು ಆರಂಭದ ಕಷ್ಟವನ್ನು ಮರೆತಿರುತ್ತಾರೆ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದಷ್ಟೇ ಉತ್ತರ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ತರಗತಿಯಲ್ಲಿ ಎಷ್ಟು ಜನ ಇದ್ದೀರಿ, ಮೊದಲ ಕಿರುಪರೀಕ್ಷೆ ಹೇಗಾಯಿತು, ಅರ್ಥವಾಗದಿದ್ದರೆ ಯಾರ ಹತ್ತಿರ ಹೋಗುತ್ತೀರಿ ಎಂದು ಕೇಳಿ. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಸೇರಿದ ಮೊದಲ ಮೂರು ವಾರ ಬೋರ್ಡಿನ ಮೇಲಿನ ಸಮೀಕರಣ ಮಾತ್ರ ನನಗೆ ತಿಳಿಯುತ್ತಿತ್ತು, ಸುತ್ತಲಿನ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಹಾಸನದ ಕಡೆಯ ಒಬ್ಬ ಸೀನಿಯರ್ ಅಕ್ಕ ಸಂಜೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಅದೇ ಪಾಠವನ್ನು ಕನ್ನಡದಲ್ಲಿ ಹೇಳಿಕೊಟ್ಟರು. ಅಂಥ ಒಬ್ಬರ ಮುಖಪರಿಚಯ ಮೊದಲೇ ಆಗಿದ್ದರೆ ಆ ಮೂರು ವಾರ ನಾನು ಅಳಬೇಕಾಗಿರಲಿಲ್ಲ. ಈ ಮಾತನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ: ಒಬ್ಬ ಸೀನಿಯರ್‌ನ ಫೋನ್ ನಂಬರ್ ಪಡೆಯದೆ ಅಲ್ಲಿಂದ ಹೊರಡಬೇಡಿ.

ದುಡ್ಡಿನ ಮಾತಿಗೆ ಸಂಕೋಚ ಬೇಡ. ವಿಭಾಗದ ಕಚೇರಿಯಲ್ಲಿ ಸಾಮಾನ್ಯ ಶುಲ್ಕದ ಸೀಟು ಎಷ್ಟು, ಪೇಮೆಂಟ್ ಸೀಟು ಎಷ್ಟು, ಎರಡರ ಶುಲ್ಕ ಎಷ್ಟೆಷ್ಟು ಎಂದು ಬಿಡಿಸಿ ಕೇಳಿ ಬರೆದುಕೊಳ್ಳಿ. ಸೀಟು ಸಿಕ್ಕ ಮಾತ್ರಕ್ಕೆ ಹಾಸ್ಟೆಲ್ ಸಿಕ್ಕಿತು ಎಂದುಕೊಳ್ಳಬೇಡಿ, ಅದರ ಅರ್ಜಿಯೇ ಬೇರೆ. ವಿಶ್ವವಿದ್ಯಾನಿಲಯದ ಹಾಸ್ಟೆಲ್ ಒಂದು ಕಡೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳು ಇನ್ನೊಂದು ಕಡೆ. ಎಲ್ಲಿಯೂ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ಮತ್ತು ವಸತಿಗೆ ನೆರವಾಗುವ ವಿದ್ಯಾಸಿರಿ ಯೋಜನೆ ಇದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಇರುವ ಆರ್.ಡಿ. ಸಂಖ್ಯೆ ಕೇಳುತ್ತಾರೆ. ನಾಡಕಚೇರಿಯಿಂದ ಆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಪ್ರಮಾಣಪತ್ರದಲ್ಲಿನ ಹೆಸರು ಮತ್ತು ಆಧಾರ್‌ನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಹಾಸ್ಟೆಲಿಗೆ ಹೋದರೆ ವಾರ್ಡನ್ ಅನುಮತಿ ಪಡೆದು, ಕೋಣೆಗೆ ಎಷ್ಟು ಜನ, ಬೇಸಿಗೆಯಲ್ಲಿ ನೀರು ಹೇಗೆ, ಮೆಸ್‌ಗೆ ತಿಂಗಳಿಗೆ ಎಷ್ಟು ಬಿದ್ದಿತು ಎಂದು ಅಲ್ಲಿರುವವರನ್ನೇ ಕೇಳಿ.

ಇಷ್ಟಾದ ಮೇಲೆ ಜಯಲಕ್ಷ್ಮಿ ವಿಲಾಸದ ಕಡೆ ನಡೆಯಿರಿ. 1905ರ ಅರಮನೆ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದು. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ನೆಲೆಸಿದ್ದು ಅಲ್ಲಿಯೇ. ನಮ್ಮ ಅಜ್ಜಿಯರು ಬಳಸುತ್ತಿದ್ದ ಮೊರ, ಕೊಳಗ, ತೊಗಲುಗೊಂಬೆಗಳನ್ನು ವಿಶ್ವವಿದ್ಯಾನಿಲಯವೊಂದು ಕಾಪಾಡಬೇಕಾದ ವಿದ್ಯೆ ಎಂದು ಎಣಿಸಿತು ಎಂಬುದು ನನಗೆ ಇಂದಿಗೂ ಹೆಮ್ಮೆ. ಒಳಗೆ ಬಿಡುತ್ತಾರೋ ಎಂದು ಕೇಳಿ ನೋಡಿ, ಬಿಡದಿದ್ದರೆ ಹೊರಗಿನಿಂದಲಾದರೂ ನೋಡಿ.

ಕೊನೆಗೆ ಕುಕ್ಕರಹಳ್ಳಿ ಕೆರೆಯ ಏರಿಗೆ ಬನ್ನಿ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತ ಒಂದು ಕಡೆ ಕುಳಿತು, ಕೇಳಿದ್ದನ್ನೆಲ್ಲ ಅಲ್ಲೇ ಬರೆದುಬಿಡಿ. ಬಸ್ಸು ಹತ್ತಿದರೆ ಬಿಳಿಕೆರೆ ಬರುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಅವತ್ತು ಆ ಹುಡುಗಿಯೂ ನನ್ನ ಪಕ್ಕದಲ್ಲಿ ಕುಳಿತು ಬರೆದಳು. ಮೊದಲ ಸಾಲು ‘ಬೂಟು, 1 ಜೊತೆ’ ಎಂದಿತ್ತು. ಅದರ ಮುಂದೆ ಬೆಲೆ ಬರೆಯಲು ಜಾಗ ಬಿಟ್ಟಿದ್ದಳು.