ಮಳೆ ಅಲಾರಂ: ಫಾಯಿಲ್‌ಗೆ ವೈರ್ ಗಟ್ಟಿಯಾಗಿ ಕೂರಿಸಿದ ಬಗೆ

ತೀರ್ಥಹಳ್ಳಿ ಕಡೆ ಅಂಗಳದಲ್ಲಿ ಅಡಿಕೆ ಹರವಿದ್ದಾಗ ಹನಿ ಬಿದ್ದರೆ ಕೂಗಲಿ ಅಂತ ಮಾಡಿದ್ದು. ಪ್ಲಾಸ್ಟಿಕ್ ಹಲಗೆ ಮೇಲೆ ಅಡುಗೆಮನೆ ಫಾಯಿಲ್‌ನ ಎರಡು ಪಟ್ಟಿ, ನಡುವೆ 2 ಮಿಲಿಮೀಟರ್ ಸಂದು, 9 ವೋಲ್ಟ್ ಬ್ಯಾಟರಿ, ಒಂದು ಟ್ರಾನ್ಸಿಸ್ಟರ್, ಬಝರ್. ಒಮ್ಮೆ ಕೂಗುತ್ತಿತ್ತು, ಒಮ್ಮೆ ಇಲ್ಲ. ಮಲ್ಟಿಮೀಟರ್‌ನಲ್ಲಿ ಓಂ (ವಿದ್ಯುತ್‌ಗೆ ಎಷ್ಟು ತಡೆ ಎಂಬ ಅಳತೆ) ಅಂಕಿ ಕುಣಿಯುತ್ತಿತ್ತು.

ಬೆಸುಗೆ ಹಿಡಿಯಲಿಲ್ಲ, ಸೀಸ ಉಂಡೆಯಾಗಿ ಜಾರಿತು. ಟೇಪ್ ಹಾಕಿದರೆ ಅಂಟು ಒಳಗೆ ಸೇರಿತು. ತಾಮ್ರದ ವೈರ್ ಸುತ್ತಿದ್ದಂತೂ ಮಳೆಗಾಲದ ಥಂಡಿಗೆ ಬಿಳಿ ಪುಡಿ ಕಟ್ಟಿತು.

ಫಾಯಿಲ್‌ನದೇನೂ ದೋಷವಿಲ್ಲ. ಅಲ್ಯೂಮಿನಿಯಂ ತಾಮ್ರದ ಸುಮಾರು 60% ವಿದ್ಯುತ್ ಹರಿಸುತ್ತದೆ. 11 ಮೈಕ್ರಾನ್ ದಪ್ಪ, 1 ಸೆಂಟಿಮೀಟರ್ ಅಗಲ, 1 ಮೀಟರ್ ಉದ್ದದ ಪಟ್ಟಿಗೆ ಬರೀ ಕಾಲು ಓಂ. ತಕರಾರು ಮೇಲ್ಮೈಯ ಆಕ್ಸೈಡ್ ಪೊರೆಯದು. ಅದು ವಿದ್ಯುತ್ ಬಿಡುವುದಿಲ್ಲ, ಉಜ್ಜಿ ತೆಗೆದರೂ ಗಾಳಿ ತಾಗಿದ ತಕ್ಷಣ ಮತ್ತೆ ಬರುತ್ತದೆ.

ಹಾಗಾಗಿ ಕ್ರಮ ಮುಖ್ಯ. ಪಟ್ಟಿಯ ತುದಿಯನ್ನು ಎಂಟು ಪದರ ಮಡಚಿ. ಗಾಳಿ ತಾಗದಂತೆ ಮೊದಲು ವ್ಯಾಸಲೀನ್ ಸವರಿ, ಅದರ ಮೇಲೇ ನುಣುಪು ಉಪ್ಪುಕಾಗದದಿಂದ ಉಜ್ಜಿ. ಒರೆಸಬೇಡಿ. ತೂತು ಮಾಡಿ, ಎರಡೂ ಕಡೆ ಸ್ಟೀಲ್ ವಾಷರ್ ಇಟ್ಟು ಬೋಲ್ಟ್ ಬಿಗಿ ಮಾಡಿ. ತವರ ಲೇಪಿಸಿದ ಲಗ್‌ಗೆ (ವೈರ್ ತುದಿಗೆ ಹಾಕುವ ತೂತಿನ ಲೋಹದ ಬಿಲ್ಲೆ) ವೈರ್ ಹಾಕಿ, ಅದನ್ನು ವಾಷರ್ ಮೇಲೆ ಕೂರಿಸಿ ಇನ್ನೊಂದು ನಟ್ ಬಿಗಿಯಿರಿ. ಲಗ್ ಫಾಯಿಲ್‌ಗೆ ನೇರ ತಾಗಬಾರದು. ಮೀಟರ್ 200 ಓಂ ರೇಂಜ್‌ನಲ್ಲಿರಲಿ. ಲಗ್‌ನಿಂದ ಅದೇ ಪಟ್ಟಿಯ ಇನ್ನೊಂದು ತುದಿಗೆ ಅಳೆದು, ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿ ಕಳೆದರೆ 1 ಓಂ ಒಳಗೇ ಬರಬೇಕು.

ಬೋಲ್ಟ್ ಹಾಕಿದ ಜೋಡಣೆ ಸೂರಿನ ಕೆಳಗಿರಲಿ, ಪಟ್ಟಿಗಳು ಮಾತ್ರ ಹೊರಗೆ. ಇದು ಬ್ಯಾಟರಿಗೆ ಮಾತ್ರ, 230 ವೋಲ್ಟ್ ಲೈನಿಗೆ ಬೇಡ.