ಹಿಚ್ ಮುಟ್ಟಲಿಲ್ಲ, ಟ್ರೇಲರನ್ನೇ ಎತ್ತಿದೆ

ನಮ್ಮ ಫಿಫ್ತ್ ವೀಲ್ (ಪಿಕಪ್ಪಿನ ಹಿಂದಿನ ತೊಟ್ಟಿ, ಅಂದರೆ ಬೆಡ್ಡಿನಲ್ಲಿರುವ ಹಿಚ್ ಎಂಬ ಕೊಂಡಿಗೆ ಮೂತಿ ಸಿಕ್ಕಿಸಿ ಎಳೆಯುವ ವಾಸದ ಟ್ರೇಲರ್) ಮೂತಿ ಎತ್ತಿಕೊಂಡೇ ಓಡುತ್ತಿತ್ತು. ಹೊಸ 4x4 ಪಿಕಪ್‌ಗಳ ಬೆಡ್ ಎತ್ತರ ಗೊತ್ತಲ್ವಾ? ಟ್ರೇಲರ್ ಫ್ರೇಮಿನ ಎತ್ತರದಲ್ಲಿ ಮುಂದಕ್ಕೂ ಹಿಂದಕ್ಕೂ ಹತ್ತಿರ ಹತ್ತಿರ 7 ಇಂಚು ವ್ಯತ್ಯಾಸ. ಆಕ್ಸಲ್ ಹತ್ತಿರ ವೆಲ್ಡಿಂಗ್ ಮಾಡಿಸಿ ಟ್ರೇಲರನ್ನೇ ಎತ್ತುತ್ತೇನೆ ಅಂದೆ. ಇಲ್ಲಿ ಅರಿಜೋನಾದ ಫೀನಿಕ್ಸ್‌ನ ಗೆಳೆಯರೆಲ್ಲ "ಹಿಚ್ ಒಂದು ತೂತು ಇಳಿಸಿದರೆ ಮುಗೀತು, ವೆಲ್ಡಿಂಗ್ ಯಾಕೆ?" ಅಂದರು. ಇಳಿಸಿದರೆ ಬೆಡ್ ಅಂಚಿಗೂ ಟ್ರೇಲರ್ ಹೊಟ್ಟೆಗೂ ನಡುವೆ 4 ಇಂಚು ಉಳಿಯುತ್ತಿತ್ತು. 6 ಆದರೂ ಬೇಕು. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ತಿರುಗಿಸಿದರೆ ಬೆಡ್ಡೇ ಹೋಗುತ್ತದೆ.

ಅಂಗಡಿಯವನೊಬ್ಬ ನನ್ನ ಟ್ರಕ್ಕಿನ ಹಿಂದಿನ ಸಸ್ಪೆನ್ಶನ್‌ಗೆ ಏರ್‌ಬ್ಯಾಗ್ (ಭಾರ ಹೊರುವ ಗಾಳಿ ಚೀಲ) ಹಾಕಿಸಿದ. 400 ಡಾಲರ್ ನೀರಿಗೆ ಹೋಯಿತು. ಅದು ಟ್ರಕ್ಕಿನ ಹಿಂಭಾಗವನ್ನು ಇನ್ನೂ ಎತ್ತುತ್ತದೆ, ಮೂತಿ ಇನ್ನೂ ಮೇಲೆ!

ಇಂಟರ್‌ಸ್ಟೇಟ್ 17ರಲ್ಲಿ ಫ್ಲ್ಯಾಗ್‌ಸ್ಟಾಫ್‌ಗೆ ಹತ್ತುವಾಗ ನಿಲ್ಲಿಸಿ ನಿಲ್ಲಿಸಿ ಇನ್‌ಫ್ರಾರೆಡ್ ಗನ್‌ನಲ್ಲಿ ಟೈರ್ ಬಿಸಿ ನೋಡಿದೆ. ಟ್ರೇಲರ್‌ನ ಎರಡು ಆಕ್ಸಲ್‌ಗಳಲ್ಲಿ ಹಿಂದಿನದರ ಟೈರುಗಳು ಮುಂದಿನವಕ್ಕಿಂತ 25–30 ಡಿಗ್ರಿ ಫ್ಯಾರನ್‌ಹೀಟ್ ಜಾಸ್ತಿ. ಭಾರವೆಲ್ಲ ಹಿಂದಕ್ಕೆ. (ಒಂದೇ ಮಗ್ಗುಲಿನ ಟೈರುಗಳನ್ನು ಮಾತ್ರ ಹೋಲಿಸಿ. ಬಿಸಿಲಿನ ಮಗ್ಗುಲು ಯಾವಾಗಲೂ ಸುಳ್ಳು ಹೇಳುತ್ತದೆ.)

ಕೊನೆಗೆ ಆಕ್ಸಲ್ ಕೆಳಗಿದ್ದ ಲೀಫ್ ಸ್ಪ್ರಿಂಗ್‌ಗಳನ್ನು ಮೇಲೆ ತಂದೆ. ವರ್ಕ್‌ಶಾಪ್ ಕೇಳಿದ್ದು 2,500 ಡಾಲರ್. ನನಗೆ ವೆಲ್ಡರ್ ಕೂಲಿ, ಹೊಸ ಯು-ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಬೋಲ್ಟ್), ಸ್ಪ್ರಿಂಗ್ ಸೀಟ್ (ಸ್ಪ್ರಿಂಗ್ ಕೂರುವ ತಟ್ಟೆ) ಎಲ್ಲ ಸೇರಿ 900ರ ಆಸುಪಾಸು. ಹಳೆ ಯು-ಬೋಲ್ಟ್ ಮತ್ತೆ ಹಾಕಬೇಡಿ. ಆಕ್ಸಲ್ಲನ್ನೇ ತಲೆಕೆಳಗು ಮಾಡುವವರನ್ನೂ ನೋಡಿದ್ದೇನೆ. ಅದರ ನಡುವಿನ ಬಾಗು ಮೇಲಕ್ಕೇ ಇರಬೇಕು, ಇಲ್ಲದಿದ್ದರೆ ಟೈರ್ ಒಂದೇ ಅಂಚಲ್ಲಿ ಸವೆಯುತ್ತದೆ. ಹೊಸ ಸೀಟನ್ನು ಮೇಲ್ಗಡೆ ವೆಲ್ಡ್ ಮಾಡಬೇಕು, ಅಷ್ಟೇ. ಎರಡೂ ಆಕ್ಸಲ್‌ಗಳನ್ನು ಟ್ರೇಲರ್ ಮೂತಿಯ ಪಿನ್‌ಗೆ (ಹಿಚ್‌ನಲ್ಲಿ ಕೂರುವ ಗೂಟ) ಸರಿಯಾಗಿ ಕೂರಿಸಲು ನನ್ನದೊಂದು ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ.

ಆಕ್ಸಲ್ ಹತ್ತಿರ 5 ಇಂಚು ಎದ್ದಿತು, ಮೂತಿ ಹಿಚ್‌ನಲ್ಲೇ ನಿಂತಿರುವುದರಿಂದ ಹಿಂದುಗಡೆ ಸುಮಾರು 8. ಈಗ ಮೂತಿ ಒಂದಿಂಚು ತಗ್ಗು, ನನಗೆ ಬೇಕಾದದ್ದೂ ಅಷ್ಟೇ. ಟೈರ್ ಬಿಸಿಯ ವ್ಯತ್ಯಾಸ 5–6 ಡಿಗ್ರಿಗೆ ಇಳಿಯಿತು. ಟ್ರಕ್ ಸ್ಟಾಪಿನ ತೂಕದ ಕಾಟಾದಲ್ಲಿ ಒಟ್ಟು 11,000 ಪೌಂಡ್, ಪಿನ್ ಮೇಲೆ 2,200 ಚಿಲ್ಲರೆ, ಅಂದರೆ 20 ಪರ್ಸೆಂಟ್. ನಕ್ಕವರೇ ಈಗ ಅಳತೆ ಕೇಳುತ್ತಿದ್ದಾರೆ.

ಎತ್ತರ ಮಾತ್ರ ನೋಡಿಕೊಳ್ಳಿ. ಚಾವಣಿಯ ಎಸಿ ತುದಿ ಈಗ 13 ಅಡಿ ದಾಟಿದೆ, ಇಲ್ಲಿ ರಸ್ತೆಯ ಮೇಲೆ ವಾಹನದ ಎತ್ತರದ ಮಿತಿ 13 ಅಡಿ 6 ಇಂಚು. ಮೊದಲ 50 ಮೈಲಿ ಆದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಬೇಕು. ಬಾಗಿಲ ಮೆಟ್ಟಿಲು ಎತ್ತರವಾಯಿತೆಂದು ಹೆಂಡತಿಯ ತಕರಾರು ಬೇರೆ. ಇನ್ನೊಂದು ಮೆಟ್ಟಿಲಿಗೆ 120 ಡಾಲರ್ ಆಯಿತು, ಅದು ಮೇಲಿನ 900ರಲ್ಲಿ ಸೇರಿಲ್ಲ.