ಕೋಸು ಹೆಚ್ಚಿದ ತಕ್ಷಣ ಒಲೆಗೆ ಹಾಕಬೇಡಿ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಿಂದಲೇ ಊಟದ ಕ್ಯಾರಿಯರ್ ಕಳಿಸುವುದು ನನ್ನ ಕೆಲಸ. ಊಟ ತರಿಸಿಕೊಳ್ಳುವವರಲ್ಲಿ ವಯಸ್ಸಾದವರೇ ಜಾಸ್ತಿ. ಕೋಸಿನ ಪಲ್ಯ ವಾರಕ್ಕೊಮ್ಮೆಯಾದರೂ ಇರಲೇಬೇಕು. ಅದರ ಸತ್ವ ಉಳಿಯಲಿ ಅಂತ ಓದಿ ತಿಳಿದುಕೊಂಡು, ಮಾಡುವ ಕ್ರಮವನ್ನೇ ಬದಲಾಯಿಸಿಕೊಂಡೆ.

ಕೋಸಿನಲ್ಲಿ ಗ್ಲುಕೋಸಿನೋಲೇಟ್ ಎನ್ನುವ ಗಂಧಕದ ಅಂಶಗಳಿವೆ. ಅದೇ ಎಲೆಯಲ್ಲಿ, ಆದರೆ ಬೇರೆ ಕೋಶಗಳಲ್ಲಿ, ಮೈರೋಸಿನೇಸ್ ಎನ್ನುವ ಕಿಣ್ವ (ಎನ್‌ಜೈಮ್) ಇದೆ. ಎಲೆ ಇಡಿಯಾಗಿ ಇರುವಷ್ಟು ಹೊತ್ತು ಇವೆರಡೂ ಸೇರುವುದಿಲ್ಲ. ಹೆಚ್ಚಿದಾಗ, ಅಗಿದಾಗ ಸೇರುತ್ತವೆ. ಆಗ ಐಸೋಥಯೋಸಯನೇಟ್ ಎನ್ನುವ ಹೊಸ ಅಂಶಗಳು ಹುಟ್ಟುತ್ತವೆ. ಹಸಿ ಕೋಸಿನ ಘಾಟು ಅವುಗಳದ್ದೇ. ಗಿಡಕ್ಕೆ ಅದು ಹುಳುಗಳಿಂದ ರಕ್ಷಣೆ. ನಮ್ಮ ದೇಹದಲ್ಲಿ ಬೇಡದ್ದನ್ನು ಹೊರಹಾಕುವ ಕಿಣ್ವಗಳಿಗೆ ಇವು ಚುರುಕು ಕೊಡುತ್ತವೆ. ಆದರೆ ಬಿಸಿ ತಾಗಿದರೆ ಮೈರೋಸಿನೇಸ್ ಕೆಡುತ್ತದೆ.

ಹಾಗಾಗಿ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಕೋಸು ಹೆಚ್ಚಿಡುತ್ತೇನೆ. ಸಣ್ಣಗೆ ಹೆಚ್ಚಿದಷ್ಟೂ ಒಳ್ಳೆಯದು. ಬೇಳೆ ಬೇಯುವವರೆಗೆ, ಕಾಯಿ ತುರಿಯುವವರೆಗೆ ಅದು ಸುಮ್ನೆ ಹಾಗೇ ಇರಲಿ, ಬಿಸಿ ತಾಗುವ ಮೊದಲೇ ಕಿಣ್ವ ತನ್ನ ಕೆಲಸ ಮಾಡಲಿ. ತೊಳೆಯುವುದು, ಉಪ್ಪು ನೀರಲ್ಲಿ ನೆನೆಸುವುದು ಎಲ್ಲ ಹೆಚ್ಚುವ ಮೊದಲೇ ಮುಗಿದಿರಬೇಕು. ನೀರು ಸುರಿದು ಬೇಯಿಸಿ ಬಸಿದರೆ ಸತ್ವ ಬಹಳಷ್ಟು ನೀರಿನ ಜೊತೆ ಹೋಗುತ್ತದೆ. ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ, ಮುಚ್ಚಿ, ಸ್ವಲ್ಪ ಗರಿಗರಿ ಇರುವಾಗಲೇ ಇಳಿಸುತ್ತೇನೆ.

“ಏನಮ್ಮಾ, ಪಲ್ಯ ಬೆಂದೇ ಇಲ್ಲವಲ್ಲ?” ಎಂದು ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. “ಬೆಂದಿದೆ ಸಾರ್, ಮೆತ್ತಗಾಗಲು ಬಿಟ್ಟಿಲ್ಲ,” ಎಂದು ಕಾರಣ ಹೇಳಿದೆ. ಹಲ್ಲಿನ ತೊಂದರೆ ಅಂದರು. ಅವರಿಗೆ ಈಗ ಬೇರೆಯಾಗಿ ಚೆನ್ನಾಗಿ ಬೇಯಿಸಿ, ಹಸಿ ಸಾಸಿವೆ ಬೆರೆಸಿ ಕಳಿಸುತ್ತೇನೆ. ಸಾಸಿವೆಯಲ್ಲೂ ಅದೇ ಕಿಣ್ವ ಇದೆ. ಆದರೆ ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಈ ಕೆಲಸಕ್ಕೆ ಬರುವುದಿಲ್ಲ. ಹಸಿಯದನ್ನೇ ಕಾಯಿ ಜೊತೆ ರುಬ್ಬಿ, ಪಲ್ಯ ಇಳಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ಕಲಸಬೇಕು. ನಮ್ಮ ಹಳೆಯ ಅಡುಗೆಗಳಲ್ಲಿ ಸಾಸಿವೆ ಅರೆದು ಹಾಕುವ ಪದ್ಧತಿ ಇದ್ದೇ ಇದೆ, ಅಲ್ವಾ?

ಇನ್ನು ತಳಿಗಳು. ದೇವರಾಜ ಮಾರುಕಟ್ಟೆಗೆ ಹೋದರೆ ನನ್ನ ಕಣ್ಣು ಮೊದಲು ಕೆಂಪು ಕೋಸನ್ನು ಹುಡುಕುತ್ತದೆ. ಬೆಲೆ ಜಾಸ್ತಿ, ಆದರೂ ಕೊಳ್ಳುತ್ತೇನೆ. ಅದರ ಬಣ್ಣ ಆಂಥೋಸಯನಿನ್ ಎನ್ನುವ ವರ್ಣದ್ರವ್ಯದಿಂದ ಬರುತ್ತದೆ. ಬಿಳಿ ಕೋಸಿನಲ್ಲಿ ಅದು ಇಲ್ಲ. ವಿಟಮಿನ್ ಸಿ ಕೂಡ ಕೆಂಪಿನಲ್ಲೇ ಹೆಚ್ಚು: 100 ಗ್ರಾಂನಲ್ಲಿ ಸುಮಾರು 57 ಮಿಲಿಗ್ರಾಂ, ಬಿಳಿಯದರಲ್ಲಿ ಸುಮಾರು 37. ಆ ಬಣ್ಣ ನೀರಿನಲ್ಲಿ ಕರಗುತ್ತದೆ. ಬೋರ್‌ವೆಲ್‌ನ ಗಡಸು ನೀರಲ್ಲಿ ಬೇಯಿಸಿದರೆ ನೀಲಿಗೆ ತಿರುಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಗುಲಾಬಿ! ಇದನ್ನು ನಾನು ಬೇಯಿಸುವುದೇ ಇಲ್ಲ. ಕೋಸಂಬರಿಗೋ ಮೊಸರು ಪಚಡಿಗೋ ಹಾಕುತ್ತೇನೆ. ಸುಕ್ಕು ಎಲೆಯ ಸವಾಯ್ ಕೋಸು ಇಲ್ಲಿ ಅಪರೂಪ. ಚೀನೀ ಕೋಸು ಟರ್ನಿಪ್‌ನ ಜಾತಿಯದು, ಘಾಟು ಕಮ್ಮಿ.

ಯಾವ ಕೋಸೂ ಔಷಧಿ ಅಲ್ಲ. ಥೈರಾಯ್ಡ್ ತೊಂದರೆ ಇರುವವರಿಗೆ ಹಸಿ ಕೋಸು ದಿನಾ ಕಳಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪು, ಕೋಸನ್ನು ಒಮ್ಮೆಲೇ ಹೆಚ್ಚು ಕಮ್ಮಿ ಮಾಡಬಾರದು, ಅವುಗಳಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡುತ್ತದೆ. ಹೊಸಬರು ಯಾರೇ ಊಟಕ್ಕೆ ಸೇರಿದರೂ ಯಾವ ಮಾತ್ರೆ ತಗೊಳ್ತೀರಿ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.